ಯೋಧನ ಮಣ್ಣಿಗೆ ಊರೆಲ್ಲ ಬಂದಾಗ ಮನೆಯವರಿಗೆ ಏನು ಬೇಕಿರುತ್ತದೆ?

ಪ್ರಶ್ನೆ: ಮೇಡಂ, ನಮ್ಮದು ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಹಳ್ಳಿ. ನಾನು ಇಲ್ಲಿನ ಯುವಕ ಮಂಡಳದ ಕಾರ್ಯದರ್ಶಿ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ ಸೈನ್ಯದಲ್ಲಿದ್ದ. ಒಂದೂವರೆ ತಿಂಗಳ ಹಿಂದೆ ಗಡಿಯಲ್ಲಿ ಕರ್ತವ್ಯದ ಮೇಲಿದ್ದಾಗ ತೀರಿಕೊಂಡ. ಸುದ್ದಿ ಬಂದ ರಾತ್ರಿಯಿಂದ ನಾವು ಹುಡುಗರು ಯಾರೂ ಮಲಗಲಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಊರಿನವರೆಗೆ ಬೈಕ್ ರ‍್ಯಾಲಿ, ದಾರಿಯುದ್ದಕ್ಕೂ ಫ್ಲೆಕ್ಸ್, ಶಾಲೆಯ ಮೈದಾನದಲ್ಲಿ ಪೆಂಡಾಲು, ಬಂದವರಿಗೆ ಊಟ, ಎಲ್ಲವನ್ನೂ ಚಂದಾ ಎತ್ತಿ ಮಾಡಿದೆವು. ಸುತ್ತಲಿನ ಹಳ್ಳಿಗಳ ಜನ ಕಿಕ್ಕಿರಿದು ಮಣ್ಣಿಗೆ ಬಂದಿದ್ದರು. ಅವನ ನಾಲ್ಕು ವರ್ಷದ ಮಗನಿಗೆ ಮಿಲಿಟರಿ ಡ್ರೆಸ್ ಹಾಕಿಸಿ ಸೆಲ್ಯೂಟ್ ಹೊಡೆಸಿದೆವು. ಆ ವಿಡಿಯೋ ಎಲ್ಲರ ಮೊಬೈಲಿಗೂ ಹೋಯಿತು. ವೈನಿಯವರು, ಅಂದರೆ ಅವನ ಹೆಂಡತಿ, ಎರಡು ಸಲ ಎಚ್ಚರ ತಪ್ಪಿದರು. ಕೊನೆಗೆ ಒಂದು ಇಂಜೆಕ್ಷನ್ ಕೊಡಿಸಿ ಮಲಗಿಸಿದೆವು. ಮೊನ್ನೆ ನಮ್ಮ ಅವ್ವ ಅವರ ಮನೆಗೆ ಹೋದಾಗ ವೈನಿಯವರು ಅಂದರಂತೆ: "ಊರ ಮಂದಿ ಎಲ್ಲಾರೂ ಅವರ ಮಾರಿ ನೋಡಿದ್ರು, ನನಗ ಮಾತ್ರ ನೋಡಾಕ ಬಿಡಲಿಲ್ಲ." ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ನಾವು ತಪ್ಪು ಮಾಡಿದೆವೇ? ಚಂದಾದಲ್ಲಿ ಉಳಿದ ಹಣ ನಮ್ಮ ಹತ್ತಿರವೇ ಇದೆ. ಹೆಂಡತಿಗೆ ಕೊಡಬೇಕೋ, ತಂದೆ-ತಾಯಿಗೋ? ಆ ಮನೆಯಲ್ಲಿ ಆಗಲೇ ಮಾತಿಗೆ ಮಾತು ಬೆಳೆಯುತ್ತಿದೆ. ಬಸ್‌ಸ್ಟ್ಯಾಂಡ್ ಎದುರು ಪುತ್ಥಳಿ ನಿಲ್ಲಿಸಬೇಕೆಂದು ಕೆಲವರು ಹೊರಟಿದ್ದಾರೆ. ನಮ್ಮೂರಿನ ಇನ್ನೂ ಬಹಳ ಹುಡುಗರು ಸೈನ್ಯದಲ್ಲಿದ್ದಾರೆ. ಇಂಥ ಹೊತ್ತಿನಲ್ಲಿ ಊರಾದವರು ನಿಜವಾಗಿ ಏನು ಮಾಡಬೇಕು, ತಿಳಿಸಿ.

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆಗಳಾದರೂ ನಿಮ್ಮ ನಿದ್ದೆ ಕೆಡಿಸಿರುವುದು ವೈನಿಯವರ ಆ ಒಂದು ಮಾತು. ಧಾರವಾಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಸಾವಾದ ಮನೆಗಳೊಂದಿಗೆ, ಅದರಲ್ಲೂ ಸೈನಿಕರ ಮನೆಗಳೊಂದಿಗೆ ಕೆಲಸ ಮಾಡುತ್ತ ಬಂದವಳು ನಾನು. ಆ ಮಾತನ್ನು ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಅವರು ನಿಮ್ಮನ್ನು ದೂರುತ್ತಿಲ್ಲ. ಅವರಿಗೆ ಸಿಗಬೇಕಾಗಿದ್ದ ಒಂದು ಗಳಿಗೆ ಸಿಗದೇ ಹೋಯಿತು, ಅದನ್ನು ಹೇಳಿಕೊಂಡಿದ್ದಾರೆ. ನಿಮ್ಮ ತಾಯಿಯ ಮುಂದೆ ಹೇಳಿಕೊಂಡರಲ್ಲ, ಅದು ಒಳ್ಳೆಯ ಲಕ್ಷಣ. ಹೇಳಿಕೊಳ್ಳಲು ಯಾರೂ ಇಲ್ಲದೆ ನುಂಗಿಕೊಂಡವರ ಕಷ್ಟ ಇನ್ನೂ ದೊಡ್ಡದು.

ಜನ ಸೇರಿದ್ದು ವ್ಯರ್ಥವಾಯಿತು ಎಂದು ಮಾತ್ರ ತಿಳಿಯಬೇಡಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನವಾದ ಮೇಲೆ ಜೀವಂತವಾಗಿ ಸಿಕ್ಕವರು ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ. ಅವರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಅವರನ್ನು ಮಣ್ಣು ಮಾಡುವಾಗ ಸೇರಿದ ಜನವನ್ನು ಈ ಭಾಗದವರು ಇವತ್ತಿಗೂ ನೆನೆಯುತ್ತಾರೆ. ಮದುವೆ ತಪ್ಪಿಸಿದರೂ ಮಣ್ಣು ತಪ್ಪಿಸಬಾರದು ಎಂಬ ನಮ್ಮ ಕಡೆಯ ರೂಢಿಗೆ ಅರ್ಥವಿದೆ. ಮಗನನ್ನು ಕಳೆದುಕೊಂಡ ತಂದೆ ವರ್ಷಗಟ್ಟಲೆ "ಎಷ್ಟು ಮಂದಿ ಬಂದಿದ್ರು ನೋಡ್ರಿ" ಎಂದು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಆ ಜನವೇ ಆತನಿಗೆ ಊರುಗೋಲು.

ಆದರೆ ಅವತ್ತು ಒಂದೇ ಮೈದಾನದಲ್ಲಿ ಎರಡು ಕಾರ್ಯ ನಡೆಯುತ್ತಿರುತ್ತವೆ. ಊರು, ಸೈನ್ಯ, ಸರ್ಕಾರ ಸೇರಿ ಒಬ್ಬ ಸೈನಿಕನನ್ನು ಬೀಳ್ಕೊಡುತ್ತಿರುತ್ತವೆ. ಮನೆಯವರು ಗಂಡನನ್ನು, ಮಗನನ್ನು, ಅಪ್ಪನನ್ನು ಕಳುಹಿಸುತ್ತಿರುತ್ತಾರೆ. ಮೊದಲನೆಯದಕ್ಕೆ ಮೈಕು, ವೇದಿಕೆ, ವೇಳಾಪಟ್ಟಿ ಎಲ್ಲ ಇರುತ್ತದೆ. ಎರಡನೆಯದಕ್ಕೆ ಯಾರೂ ಸಮಯ ತೆಗೆದಿಟ್ಟಿರುವುದಿಲ್ಲ. ಪಾರ್ಥಿವ ಶರೀರ ವಿಮಾನ ನಿಲ್ದಾಣದಲ್ಲಿ ತಡವಾಗುತ್ತದೆ, ಮೆರವಣಿಗೆಯಲ್ಲಿ ಮತ್ತಷ್ಟು ತಡವಾಗುತ್ತದೆ, ಕತ್ತಲಾಗುವುದರೊಳಗೆ ಮಣ್ಣಾಗಬೇಕು ಎಂದು ಅಧಿಕಾರಿಗಳು ಅವಸರ ಮಾಡುತ್ತಾರೆ. ಇಷ್ಟೆಲ್ಲದರಲ್ಲಿ ಸಮಯ ಕಡಿತವಾಗುವುದು ಮನೆಯೊಳಗಿನ ಭಾಗದಿಂದಲೇ. ನಿಮ್ಮೂರಿನಲ್ಲೂ ಹೀಗೇ ಆಗಿರಬೇಕು. ಯಾರೂ ಬೇಕೆಂದು ಮಾಡಿದ್ದಲ್ಲ.

ಗೌರವ ಸಲ್ಲಿಸುವ ಕೆಲಸ ಸೈನ್ಯಕ್ಕೆ ಚೆನ್ನಾಗಿ ಗೊತ್ತಿದೆ. ಬಂದೂಕು ತಲೆಕೆಳಗಾಗಿ ಹಿಡಿದು ನಿಲ್ಲುವ ಶೋಕ ಶಸ್ತ್ರ, ಮೂರು ಸುತ್ತು ಕುಶಾಲತೋಪು, ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ಎಂಬ ವಿದಾಯದ ರಾಗ, ಮಡಚಿದ ತ್ರಿವರ್ಣ ಧ್ವಜವನ್ನು ಮನೆಯವರ ಕೈಗೆ ಕೊಡುವುದು, ಇದಕ್ಕೆಲ್ಲ ಊರವರ ನೆರವು ಬೇಕಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ಸೈನ್ಯದ ಕೈಲಾಗದ ಕೆಲಸ ಮನೆಯೊಳಗಿನದು. ಅದು ಪೂರ್ತಿ ಊರಿನ ಪಾಲಿನದು. ಆ ಮನೆಯನ್ನು ಕಾಯಲು ಎಷ್ಟು ಜನ ನಿಂತರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಇದನ್ನು ಮಾಡುವುದು ಹೇಗೆ? ಶರೀರದ ಜೊತೆ ಅವನ ಘಟಕದ ಸೈನಿಕರು ಬರುತ್ತಾರೆ. ಅವರಲ್ಲಿ ಹಿರಿಯರೊಬ್ಬರು, ಸಾಮಾನ್ಯವಾಗಿ ಒಬ್ಬ ಸುಬೇದಾರರು, ಇರುತ್ತಾರೆ. ಅವರು ದಾರಿಯಲ್ಲಿರುವಾಗಲೇ ಫೋನಿನಲ್ಲಿ ಮಾತಾಡಿ. ತಹಶೀಲ್ದಾರರಿಗೂ ಪಿಎಸ್‌ಐಗೂ ಅದೇ ಮಾತು ಹೇಳಿ: ಮೈದಾನಕ್ಕೆ ಹೋಗುವ ಮೊದಲು ಮನೆಗೆ, ಮನೆಯಲ್ಲಿ ಕನಿಷ್ಠ ಅರ್ಧ ಗಂಟೆ, ಆ ಅರ್ಧ ಗಂಟೆ ಒಳಗೆ ಮನೆಯವರು ಮಾತ್ರ. ಕ್ಯಾಮೆರಾ ಇಲ್ಲ, ಮೊಬೈಲ್ ಇಲ್ಲ, ಮುಖಂಡರೂ ಇಲ್ಲ. ಬಾಗಿಲಲ್ಲಿ ಗಟ್ಟಿ ದನಿಯ ಇಬ್ಬರು ಹಿರಿಯರನ್ನು ನಿಲ್ಲಿಸಿ. ನೀವು ಹುಡುಗರು ಮುಖಂಡರನ್ನು ತಡೆಯಲಾರಿರಿ, ಊರ ಹಿರಿಯರು ತಡೆದರೆ ನಡೆಯುತ್ತದೆ. ಸುಬೇದಾರರು ಈ ಕೋರಿಕೆಗೆ ಅಡ್ಡ ಬಂದದ್ದನ್ನು ನಾನು ಕಂಡಿಲ್ಲ. ಮನೆಯವರ ಇಚ್ಛೆ ಏನೆಂದು ಅವರಿಗೆ ಯಾರಾದರೂ ಹೇಳಬೇಕಷ್ಟೆ.

ಈಗ ಮುಖ ನೋಡುವ ವಿಷಯ. "ಹೆಣ್ಣುಮಕ್ಕಳಿಗೆ ತೋರಿಸಬಾರದು, ತಲೆ ಕೆಡುತ್ತದೆ" ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಏನು ಕಾಣುತ್ತದೆ ಎಂದು ಮೊದಲೇ ತಿಳಿದುಕೊಂಡು, ತಾವೇ ಇಷ್ಟಪಟ್ಟು ನೋಡಿದವರು ನಂತರ ಪಶ್ಚಾತ್ತಾಪ ಪಡುವುದು ಅಪರೂಪ. ನೋಡಲು ಬಿಡದೇ ಇದ್ದವರು ಮಾತ್ರ ವರ್ಷಗಳ ನಂತರವೂ "ಪೆಟ್ಟಿಗ್ಯಾಗ ಅವರs ಇದ್ರೋ ಇಲ್ಲೋ" ಎಂದು ಕೇಳುತ್ತಾರೆ. ರಜೆ ಮುಗಿಸಿ ಹೋದ ಮನುಷ್ಯ ಪೆಟ್ಟಿಗೆಯಲ್ಲಿ ಬಂದಿದ್ದಾನೆ ಎಂಬುದನ್ನು ಮನಸ್ಸು ಒಪ್ಪಿಕೊಳ್ಳಲು ಕಣ್ಣಿನ ಸಾಕ್ಷಿ ಬೇಡುತ್ತದೆ. ಕೆಲವು ಸಲ ಶರೀರ ತೋರಿಸುವ ಸ್ಥಿತಿಯಲ್ಲಿ ಇರುವುದಿಲ್ಲ ಎಂಬುದೂ ನಿಜ. ಪೆಟ್ಟಿಗೆ ತೆರೆಯಬಹುದೇ, ಎಷ್ಟು ತೆರೆಯಬಹುದು ಎಂಬುದು ಜೊತೆಗೆ ಬಂದ ಸೈನಿಕರಿಗೆ ಗೊತ್ತಿರುತ್ತದೆ. ಅವರನ್ನು ಪಕ್ಕಕ್ಕೆ ಕರೆದು ನೇರವಾಗಿ ಕೇಳಿ, ಕೇಳಿದ್ದನ್ನು ಮುಚ್ಚಿಡದೆ ಆ ಹೆಣ್ಣುಮಗಳಿಗೆ ಮೆಲ್ಲಗೆ ಹೇಳಿ. ಮುಖ ತೋರಿಸಲಾಗದಿದ್ದರೆ ಒಂದು ಕೈ ತೋರಿಸಬಹುದು. ಅದೂ ಆಗದಿದ್ದರೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಅವರಷ್ಟಕ್ಕೆ ಅವರು ಕೂತಿರಲು ಬಿಡಿ. ತೆರೆಯಬಹುದೆಂದರೂ ನೋಡಲೇಬೇಕೆಂದು ಒತ್ತಾಯವಿಲ್ಲ. "ನನಗ ಬ್ಯಾಡ" ಎಂದರೆ ಅದಕ್ಕೂ ಅಷ್ಟೇ ಬೆಲೆ.

ಸಣ್ಣದಾಗಿ ಕಂಡರೂ ಮನೆಯವರನ್ನು ಬಹಳ ಕಾಡುವ ಇನ್ನೊಂದು ಸಂಗತಿ ಇದೆ. ಲಿಂಗಾಯತ ಮನೆಗಳಲ್ಲಿ ಶರೀರವನ್ನು ಕೂಡಿಸಿ ಸಮಾಧಿ ಮಾಡುವ ಪದ್ಧತಿ. ದೂರದಿಂದ, ದಿನಗಳಾದ ಮೇಲೆ, ಔಷಧ ಹಾಕಿ ಪೆಟ್ಟಿಗೆಯಲ್ಲಿ ಮಲಗಿಸಿ ತಂದ ಶರೀರವನ್ನು ಕೂಡಿಸಲು ಬರುವುದಿಲ್ಲ. ಇದು ಯಾರಿಗೂ ಹೊಳೆದಿರುವುದಿಲ್ಲ. ಜೆಸಿಬಿಯವನು ರೂಢಿಯಂತೆ ಚೌಕಾಕಾರದ ಕುಣಿ ತೋಡಿರುತ್ತಾನೆ, ಶರೀರ ಬಂದ ಮೇಲೆ ಎಲ್ಲರ ಕಣ್ಣೆದುರು ಮತ್ತೆ ಅಗೆಯಬೇಕಾಗುತ್ತದೆ. ಹಿಂದಿನ ದಿನವೇ ಅಯ್ಯನವರನ್ನು ಮನೆಗೆ ಕರೆಸಿ, ಮಲಗಿಸಿಯೇ ಕ್ರಿಯೆ ಮಾಡುವ ಬಗ್ಗೆ ಅವರ ಬಾಯಿಂದಲೇ ತಂದೆ-ತಾಯಿಗೆ ಹೇಳಿಸಿದರೆ "ನಮ್ಮ ಹುಡುಗನ ಸಂಸ್ಕಾರ ಸರಿಯಾಗಲಿಲ್ಲ" ಎಂಬ ಕೊರಗು ಉಳಿಯುವುದಿಲ್ಲ. ಪೆಟ್ಟಿಗೆ ಸಮೇತವೋ, ಪೆಟ್ಟಿಗೆಯಿಂದ ತೆಗೆದೋ ಎಂಬುದನ್ನೂ ಆಗಲೇ ಕೇಳಿಕೊಂಡು ಕುಣಿಯ ಅಳತೆ ಹೇಳಿ. ಸುಡುವ ಪದ್ಧತಿಯವರಾದರೆ, ದಫನ ಮಾಡುವವರಾದರೆ ಅವರವರ ಹಿರಿಯರ ಜೊತೆ ಹೀಗೇ ಮೊದಲೇ ಮಾತಾಗಿರಬೇಕು. ಧ್ವಜ ಮಾತ್ರ ಚಿತೆಗಾಗಲಿ ಕುಣಿಗಾಗಲಿ ಹೋಗಬಾರದು, ಧ್ವಜಸಂಹಿತೆಯಲ್ಲೇ ಹಾಗಿದೆ. ಅದನ್ನು ಸೈನ್ಯದವರು ನೋಡಿಕೊಳ್ಳುತ್ತಾರೆ.

ಎಚ್ಚರ ತಪ್ಪಿದ್ದಕ್ಕೆ ಬರುತ್ತೇನೆ. ಸುದ್ದಿ ಬಂದಾಗಿನಿಂದ ಆ ಹೆಣ್ಣುಮಗಳು ಏನು ತಿಂದಿದ್ದಳು, ಎಷ್ಟು ನೀರು ಕುಡಿದಿದ್ದಳು ಎಂದು ನಿಮ್ಮ ತಾಯಿಯನ್ನು ಕೇಳಿ ನೋಡಿ. ಎರಡು ದಿನ ಊಟವಿಲ್ಲ, ನಿದ್ದೆಯಿಲ್ಲ, ಬಿಸಿಲು, ಸುತ್ತ ಗಾಳಿಯಾಡದಂತೆ ಮುತ್ತಿದ ಜನ, ಅದರ ಮೇಲೆ ಈ ದುಃಖ. ಯಾರಾದರೂ ಬೀಳುತ್ತಾರೆ. ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಜನರನ್ನು ಹಿಂದೆ ಸರಿಸಿ, ಎಚ್ಚರವಾದ ಮೇಲೆ ಓಆರ್‌ಎಸ್ ಅಥವಾ ಸಕ್ಕರೆ ನೀರು ಕೊಟ್ಟರೆ ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ. ಬೇಗ ಎಚ್ಚರವಾಗದಿದ್ದರೆ, ಎದೆನೋವು ಅಂದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ತಡಮಾಡದೆ ವೈದ್ಯರು ನೋಡಬೇಕು. ಹಾಗಲ್ಲದೆ ಬರೀ ಅಳು ನಿಲ್ಲಿಸಲಿಕ್ಕೆಂದು ನಿದ್ದೆ ಬರಿಸುವ ಇಂಜೆಕ್ಷನ್, ಗುಳಿಗೆ ಕೊಡುವುದು ಒಳ್ಳೆಯದಲ್ಲ. ಸಾವಿನ ದುಃಖದಲ್ಲಿರುವವರಿಗೆ ಬೇರೆ ಮಾನಸಿಕ ಕಾಯಿಲೆ ಇಲ್ಲದಿದ್ದರೆ ನಿದ್ದೆ-ಮಂಪರು ಬರಿಸುವ ಬೆಂಜೊಡಯಾಜಪೀನ್ ಗುಂಪಿನ ಔಷಧ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಮಂಪರಿನಲ್ಲಿ ಕಳೆದ ಆ ತಾಸುಗಳು ನೆನಪಿನಲ್ಲಿ ಖಾಲಿಯಾಗಿ ಉಳಿಯುತ್ತವೆ. ವೈನಿಯವರು ಮುಖ ನೋಡಿರಲೂಬಹುದು, ನೆನಪು ನಿಂತಿರಲಿಕ್ಕಿಲ್ಲ. ಇದನ್ನು ಅವರಿಗೆ ತಿರುಗಿ ಹೇಳಿ ವಾದ ಮಾಡಬೇಡಿ, ನಿಮ್ಮ ತಿಳಿವಳಿಕೆಗೆ ಇರಲಿ.

"ಅಳಬ್ಯಾಡವಾ, ಗಟ್ಟಿ ಆಗು, ನೀ ವೀರನ ಹೆಂಡ್ತಿ" ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಅಳುವುದಕ್ಕೂ ಗಟ್ಟಿತನಕ್ಕೂ ವಿರೋಧವಿಲ್ಲ. ಅಳಲು ಬಿಡಿ. ಅವರೇ ಆರಿಸಿಕೊಂಡ ಇಬ್ಬರು ಹೆಂಗಸರು, ಅಕ್ಕನೋ, ತವರಿನ ಗೆಳತಿಯೋ, ಬೆಳಗಿನಿಂದ ಸಂಜೆಯವರೆಗೆ ಪಕ್ಕ ಬಿಟ್ಟು ಏಳದೆ ಕೂತಿರಲಿ. ಆ ಇಬ್ಬರಿಗೆ ನೀರು, ಊಟ, ಬಚ್ಚಲಿಗೆ ಕರೆದೊಯ್ಯುವುದು, ಮೈಕು ಹಿಡಿದು ಬಂದವರನ್ನು ವಾಪಸ್ ಕಳಿಸುವುದು, ಇಷ್ಟೇ ಕೆಲಸ.

ಬಳೆ ಒಡೆಯುವುದು, ಕುಂಕುಮ ಅಳಿಸುವುದು. ಇದರ ಬಗ್ಗೆ ನೀವು ಬರೆದಿಲ್ಲ, ಆದರೆ ನಡೆದಿರಬಹುದೆಂದು ಊಹಿಸಬಲ್ಲೆ. ಬಹಳ ಹೆಣ್ಣುಮಕ್ಕಳು ಸಾವಿಗಿಂತ ಈ ಗಳಿಗೆಯನ್ನೇ ಹೆಚ್ಚು ನೋವಿನಿಂದ ನೆನೆಯುತ್ತಾರೆ, ಏಕೆಂದರೆ ಅದನ್ನು ತಮ್ಮವರೇ, ತಮ್ಮನ್ನು ಕೇಳದೆ, ಎಲ್ಲರೆದುರು ಮಾಡಿದರು. ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯ್ತಿ 2022ರ ಮೇ ತಿಂಗಳಲ್ಲಿ ಈ ಪದ್ಧತಿಗಳನ್ನು ನಿಲ್ಲಿಸುವ ಠರಾವು ಮಾಡಿತು. ನಿಮ್ಮ ಪಂಚಾಯ್ತಿಯೂ ಮಾಡಬಹುದು. ಠರಾವು ಆಗುವವರೆಗೆ ಕಾಯಬೇಕಿಲ್ಲ. ಓಣಿಯ ಇಬ್ಬರು ಹಿರಿಯ ಅಜ್ಜಿಯರು "ಆಕಿಗೆ ಬ್ಯಾಡಾದ್ರ ಬಿಡ್ರಿ" ಎಂದರೆ ಸಾಕು, ಮಿಕ್ಕವರು ಸುಮ್ಮನಾಗುತ್ತಾರೆ.

ಮಗುವಿನ ವಿಷಯ ನಾನು ನಿಧಾನವಾಗಿ ಹೇಳಬೇಕು. ನಾಲ್ಕು ವರ್ಷದ ಮಗುವಿಗೆ ಸಾವು ಎಂದರೆ ಇನ್ನು ಎಂದೂ ಬಾರದಿರುವುದು ಎಂಬ ತಿಳಿವು ಪೂರ್ತಿ ಬಂದಿರುವುದಿಲ್ಲ. ಡ್ರೆಸ್ ಹಾಕಿಸಿದ್ದರಿಂದಲೇ ಮಗು ಕೆಡುವುದಿಲ್ಲ, ಅದಕ್ಕಾಗಿ ಕೊರಗಬೇಡಿ. ಸಾವಿರಾರು ಜನ, ಘೋಷಣೆ, ಮೇಲೆತ್ತಿ ಹಿಡಿದ ಅಪರಿಚಿತ ಕೈಗಳು, ಅಷ್ಟರಲ್ಲಿ ಬಂದೂಕಿನ ಸದ್ದು, ಮಗು ಹೆದರುವುದು ಇಲ್ಲಿ. ಮುಂದೆ ಎಲ್ಲಾದರೂ ಹೀಗಾದರೆ ಮಗುವನ್ನು ಮಣ್ಣಿನಿಂದ ದೂರ ಇಡಬೇಕಿಲ್ಲ, ಅದಕ್ಕೆ ಗೊತ್ತಿರುವ ಒಬ್ಬರ ತೊಡೆಯ ಮೇಲೆ, ಸ್ವಲ್ಪ ಹಿಂದೆ ಕೂತಿರಲಿ. "ಈಗ ಜೋರಾಗಿ ಸದ್ದು ಬರುತ್ತೆ, ಅಪ್ಪಗ ನಮಸ್ಕಾರ ಮಾಡಾಕ ಹೊಡೀತಾರ" ಎಂದು ಮೊದಲೇ ಹೇಳಿ ಕಿವಿ ಮುಚ್ಚಿದರೆ ಸಾಕು.

ಇದಕ್ಕಿಂತ ಮುಖ್ಯವಾದುದು ಈಗ ಮನೆಯಲ್ಲಿ ಮಗುವಿಗೆ ಏನು ಹೇಳುತ್ತಿದ್ದಾರೆ ಎಂಬುದು. ಸೈನಿಕರ ಮನೆಗಳಲ್ಲಿ "ಅಪ್ಪ ಡ್ಯೂಟಿಗೆ ಹೋಗ್ಯಾನ" ಎಂದುಬಿಡುತ್ತಾರೆ. ಆ ಮಗು ಹುಟ್ಟಿದಾಗಿನಿಂದ ಅಪ್ಪ ಡ್ಯೂಟಿಗೆ ಹೋಗುವುದನ್ನೂ, ರಜೆಗೆ ಬ್ಯಾಗು ಹೊತ್ತು ವಾಪಸ್ ಬರುವುದನ್ನೂ ಕಂಡಿದೆ. ಅದು ಕಾಯುತ್ತದೆ. ಜಾತ್ರೆಗೆ ಬರಬಹುದೆಂದು ಕಾಯುತ್ತದೆ, ಬಾರದಿದ್ದಾಗ ತನ್ನ ಮೇಲೆ ಸಿಟ್ಟಾಗಿದ್ದಾನೆಂದುಕೊಳ್ಳುತ್ತದೆ. "ಮಲಗ್ಯಾನ" ಎಂದರೆ ಮಲಗಲು ಹೆದರುತ್ತದೆ. ಸತ್ಯವನ್ನೇ ಚಿಕ್ಕ ಮಾತಿನಲ್ಲಿ ಹೇಳಬೇಕು: "ಅಪ್ಪ ಸತ್ತಾನ. ಅವನ ಮೈ ಕೆಲಸ ಮಾಡೋದು ನಿಂತೈತಿ. ಮತ್ತ ಬರಂಗಿಲ್ಲ. ನಿನ್ನಿಂದ ಏನೂ ಆಗಿಲ್ಲ. ನಿನ್ನ ನೋಡಿಕೊಳ್ಳಾಕ ಅವ್ವ ಅದಾಳ, ನಾವೆಲ್ಲ ಅದೀವಿ." ಇದನ್ನು ಮತ್ತೆ ಮತ್ತೆ ಕೇಳುತ್ತದೆ, ಮತ್ತೆ ಮತ್ತೆ ಅದನ್ನೇ ಹೇಳಬೇಕಾಗುತ್ತದೆ. ಇನ್ನು ಆ ವಿಡಿಯೋ. ನಿಮ್ಮ ಮಂಡಳದವರ ಗುಂಪುಗಳಿಂದ ತೆಗೆಸಿ, ಮತ್ತೆ ಹಂಚಬೇಡಿ ಎಂದು ಕೇಳಿಕೊಳ್ಳಿ. ವೈನಿಯವರಿಗಾಗಿ ಒಂದು ಪ್ರತಿ ಜೋಪಾನ ಮಾಡಿಡಿ. ಮುಂದೊಂದು ದಿನ ಮಗನಿಗೆ ತೋರಿಸಬೇಕೋ ಬೇಡವೋ ಎಂಬುದು ಅವರಿಗೆ ಬಿಟ್ಟ ವಿಚಾರ.

ಈಗಿನ ಮಾತು. ಮಣ್ಣಿನ ದಿನ, ಮೂರನೆಯ ದಿನ, ದಿವಸದ ದಿನ ಮನೆ ತುಂಬಿರುತ್ತದೆ. ಓಣಿಯವರು ಅನ್ನ-ಸಾರು, ರೊಟ್ಟಿ ತಂದುಕೊಡುತ್ತಾರೆ. ಶಿವಗಣಾರಾಧನೆ ಮುಗಿದ ಮೇಲೆ ನೆಂಟರ ಬ್ಯಾಗುಗಳು ಹೊರಡುತ್ತವೆ. ನೀವು ನನಗೆ ಬರೆದಿರುವುದು ಸರಿಯಾಗಿ ಮನೆ ಖಾಲಿಯಾಗುವ ಹೊತ್ತಿಗೆ, ಹಾಗಾಗಿ ತಡವಾಗಿದೆ ಅಂದುಕೊಳ್ಳಬೇಡಿ. ತಾಯಿಯನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ. ಒಬ್ಬರೇ ಹೋಗಬೇಡಿ, ನಿಮ್ಮ ಉದ್ದೇಶ ಎಷ್ಟೇ ಶುದ್ಧವಿದ್ದರೂ ಆಡಿಕೊಳ್ಳುವವರ ಬಾಯಿಗೆ ಸಿಗುವುದು ಆ ಹೆಣ್ಣುಮಗಳು. "ಅವತ್ತ ನಿಮಗ ನೋಡಾಕ ಜಾಗಾ ಮಾಡಿಕೊಡಬೇಕಾಗಿತ್ತು ವೈನಿ, ನಮ್ಮ ಕಡೆಯಿಂದ ಆಗಲಿಲ್ಲ" ಎಂದು ಇಷ್ಟೇ ಹೇಳಿ. ಕಾರಣ ಕೊಡಬೇಡಿ. ಅವರು ಬೈದರೆ ಬೈಸಿಕೊಳ್ಳಿ, ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಅವನ ಜೊತೆಗೆ ಕೊನೆಯ ದಿನಗಳಲ್ಲಿದ್ದ ಸೈನಿಕರೊಡನೆ ಮಾತಾಡಬೇಕೆಂದು ಅವರಿಗೆ ಅನಿಸಿದರೆ ಘಟಕವನ್ನು ಸಂಪರ್ಕಿಸಿ ಅದನ್ನು ಏರ್ಪಡಿಸಬಹುದು. ಮುಖ ನೋಡದ ಕೊರಗಿಗೆ ಅದು ಪೂರ್ತಿ ಪರಿಹಾರವಲ್ಲ, ಆದರೆ ಅವನು ಹೇಗೆ ಹೋದ, ಕೊನೆಗೆ ಯಾರಿದ್ದರು ಎಂಬುದು ತಿಳಿದರೆ ಮನಸ್ಸಿನ ಬಹಳ ಪ್ರಶ್ನೆಗಳು ನಿಲ್ಲುತ್ತವೆ.

ಒಂದು ದಿನಕ್ಕೆ ಮಾತ್ರ ವಿಶೇಷವಾಗಿ ಸಿದ್ಧರಾಗಿರಿ. ಅವನ ಸಾಮಾನಿನ ಟ್ರಂಕು ಘಟಕದಿಂದ ವಾರಗಳ ನಂತರ ಮನೆಗೆ ಬರುತ್ತದೆ. ಸಮವಸ್ತ್ರ, ಬೂಟು, ಗಡಿಯಾರ, ಶೇವಿಂಗ್ ಸೆಟ್ಟು, ಮಗನಿಗೆ ಕೊಂಡಿಟ್ಟ ಆಟಿಕೆ ಏನಾದರೂ. ಮನೆಯವರಿಗೆ ಅದು ಎರಡನೆಯ ಮಣ್ಣಿನಂತೆ ಆಗುತ್ತದೆ. ಮೊದಲ ಸಲ ತಪ್ಪಿದ್ದನ್ನು ಇಲ್ಲಿ ಸರಿಪಡಿಸಬಹುದು. ಟ್ರಂಕು ಯಾವಾಗ ತೆರೆಯಬೇಕು, ಜೊತೆಗೆ ಯಾರಿರಬೇಕು ಎಂದು ವೈನಿಯವರೇ ಹೇಳಲಿ. ಬಟ್ಟೆ ಒಗೆಯಲು ಅವಸರ ಮಾಡಬೇಡಿ, ಆ ವಾಸನೆ ಅವರಿಗೆ ಬೇಕಿರಬಹುದು.

"ಏನಾದ್ರೂ ಬೇಕಾದ್ರ ಹೇಳ್ರಿ" ಎಂಬ ಮಾತಿನಿಂದ ಯಾರಿಗೂ ಏನೂ ಸಿಗುವುದಿಲ್ಲ, ಏಕೆಂದರೆ ಕೇಳಲು ಸಂಕೋಚ. "ಮಂಗಳವಾರ ನಾವು ಗದಗಕ್ಕ ಹೊಂಟೀವಿ, ಬ್ಯಾಂಕಿನ ಕೆಲಸ ಇದ್ರ ನೀವೂ ಬರ್ರಿ" ಎಂದು ಹೇಳಿ ನೋಡಿ. ಮಗುವನ್ನು ಅಂಗನವಾಡಿಗೆ ಬಿಡುವುದು, ಎಮ್ಮೆಗೆ ಮೇವು, ಹೊಲದ ಹರಗುವ ಕೆಲಸ, ಅತ್ತೆ-ಮಾವನ ಔಷಧಿ, ಇವನ್ನು ನಿಮ್ಮ ಮಂಡಳದ ಹುಡುಗರು ವಾರಕ್ಕೊಬ್ಬರಂತೆ ಹಂಚಿಕೊಂಡರೆ ಆ ಫ್ಲೆಕ್ಸುಗಳಿಗಿಂತ ದೊಡ್ಡ ಗೌರವ. ಮೊದಲ ಪಂಚಮಿ, ಮೊದಲ ದೀಪಾವಳಿ, ಅವನು ರಜೆಗೆ ಬರುತ್ತಿದ್ದ ಜಾತ್ರೆ, ಈ ದಿನಗಳನ್ನು ಬರೆದಿಟ್ಟುಕೊಂಡು ಮರೆಯದೆ ಹೋಗಿ.

ಹಣದ ವಿಷಯದಲ್ಲಿ ಊರಲ್ಲಿ ಓಡಾಡುವ ಮಾತು ಬಹಳ. "ಕೋಟಿ ಬಂತಂತ" ಎಂದು ಆಗಲೇ ಯಾರಾದರೂ ಅಂದಿರುತ್ತಾರೆ, ಸಾಲ ಕೇಳಲೂ ಬಂದಿರುತ್ತಾರೆ. ವಾಸ್ತವ ಹೀಗಿದೆ. ಕೇಂದ್ರದ ಪರಿಹಾರಧನ 2016ರ ಜನವರಿಯಿಂದ ಜಾರಿಯಲ್ಲಿರುವ ದರದಲ್ಲಿ ಕರ್ತವ್ಯದ ವೇಳೆಯ ಅಪಘಾತಕ್ಕೆ 25 ಲಕ್ಷ, ಗಡಿ ಚಕಮಕಿಗೆ ಅಥವಾ ನಿಗದಿತ ದುರ್ಗಮ ಎತ್ತರದ ಠಾಣೆಯ ಪ್ರಕೃತಿ ವಿಕೋಪಕ್ಕೆ 35 ಲಕ್ಷ, ಯುದ್ಧದಲ್ಲಿ ಶತ್ರುವಿನಿಂದಾದ ಸಾವಿಗೆ 45 ಲಕ್ಷ. ಕುಟುಂಬ ಪಿಂಚಣಿಯೂ ಸಾವಿನ ವರ್ಗೀಕರಣದ ಮೇಲೆ ನಿಂತಿದೆ. ಸಾಮಾನ್ಯ ಸಾವಾದರೆ ಮೊದಲ ಹತ್ತು ವರ್ಷ ಕೊನೆಯ ವೇತನದ ಶೇ 50, ನಂತರ ಶೇ 30, ಸೇವೆಯ ಕಾರಣದ ಸಾವಾದರೆ ಶೇ 60, ಯುದ್ಧ ಅಥವಾ ಕಾರ್ಯಾಚರಣೆಯ ಸಾವಾದರೆ ಶೇ 100. ಈ ವರ್ಗೀಕರಣ ಸೈನ್ಯದ ವಿಚಾರಣೆಯ ನಂತರ ಆಗುತ್ತದೆ, ತಿಂಗಳುಗಳು ಹಿಡಿಯಬಹುದು. ಅಗ್ನಿವೀರನಾಗಿದ್ದರೆ ಲೆಕ್ಕ ಬೇರೆ: 48 ಲಕ್ಷದ ವಿಮೆ, ಸೇವೆಯ ಕಾರಣದ ಸಾವಾದರೆ 44 ಲಕ್ಷ ಪರಿಹಾರಧನ ಉಂಟು, ಕುಟುಂಬ ಪಿಂಚಣಿ ಇಲ್ಲ. ರಾಜ್ಯ ಸರ್ಕಾರದ್ದು ಪ್ರತ್ಯೇಕ. ಹಾಗಾಗಿ ಮೊದಲ ಕೆಲವು ತಿಂಗಳು ಆ ಮನೆ ಕೈ ಕಟ್ಟಿದ ಸ್ಥಿತಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ಸಂಬಳದ ಖಾತೆ ಅವನೊಬ್ಬನ ಹೆಸರಿನಲ್ಲಿದ್ದರೆ ಅದರಿಂದಲೂ ಹಣ ತೆಗೆಯಲಾಗದು. ನಿಮ್ಮ ಚಂದಾ ಉಪಯೋಗಕ್ಕೆ ಬರುವುದು ಈ ತಿಂಗಳುಗಳಲ್ಲೇ, ಇಟ್ಟುಕೊಂಡು ಕೂರಬೇಡಿ.

ಯಾರಿಗೆ ಕೊಡಬೇಕು? ಹೆಂಡತಿಯ ಖಾತೆಗೆ ಹಾಕಿದರೆ ಮಗುವಿಗೆ ತಲುಪುವುದು ಖಚಿತ, ಆದರೆ ಕೂಡುಕುಟುಂಬದಲ್ಲಿ ಅತ್ತೆ-ಮಾವನ ಮನಸ್ಸು ಮುರಿಯಬಹುದು. ಮಾವನ ಕೈಗೆ ಕೊಟ್ಟರೆ ಸೊಸೆ ತನ್ನ ಮನೆಯಲ್ಲೇ ಕೈಯೊಡ್ಡಬೇಕಾಗಬಹುದು. ಪೂರ್ತಿ ಮಗುವಿನ ಹೆಸರಿನಲ್ಲಿ ಠೇವಣಿ ಇಟ್ಟರೆ ಭದ್ರ, ಆದರೆ ಈಗಿನ ಖರ್ಚಿಗೆ ಬಾರದು. ನಾನಾದರೆ ಹೆಚ್ಚಿನ ಭಾಗ ಹೆಂಡತಿಯ ಖಾತೆಗೆ, ಒಂದು ಭಾಗ ತಂದೆ-ತಾಯಿಯ ಖಾತೆಗೆ, ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಒಂದೇ ದಿನ ಬ್ಯಾಂಕಿನ ಮೂಲಕ ಹಾಕಿಸುತ್ತೇನೆ. ವೇದಿಕೆಯ ಮೇಲೆ ಕರೆದು ಕೊಡಬೇಡಿ. ಚಂದಾ ಕೊಟ್ಟವರ ಹೆಸರು, ಪೆಂಡಾಲು-ಊಟದ ಖರ್ಚು, ಉಳಿದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪಂಚಾಯ್ತಿ ಫಲಕಕ್ಕೆ ಅಂಟಿಸಿ. ಮುಂದಿನ ಹತ್ತು ಮಾತುಗಳು ಅಲ್ಲಿಗೇ ನಿಲ್ಲುತ್ತವೆ.

ಕಾಗದಪತ್ರದಲ್ಲಿ ಊರಿನ ನಿವೃತ್ತ ಹವಾಲ್ದಾರರೊಬ್ಬರು ನಮ್ಮಂಥ ಹತ್ತು ತಜ್ಞರಿಗೆ ಸಮ. ಸೈನಿಕರ ಸೇವಾ ದಾಖಲೆ ಇಡುವ ರೆಜಿಮೆಂಟಿನ ರೆಕಾರ್ಡ್ ಆಫೀಸಿನಿಂದ ಬರುವ ಫೋನು, ಫಾರಂ ಹೆಚ್ಚಾಗಿ ಹಿಂದಿ-ಇಂಗ್ಲಿಷಿನಲ್ಲಿರುತ್ತದೆ, ಆ ಮನೆಯವರು "ಹಾಂ ಜಿ" ಎಂದು ಇಟ್ಟುಬಿಡುತ್ತಾರೆ. ಆ ಹವಾಲ್ದಾರರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಉತ್ತರಿಸಲಿ. ಧಾರವಾಡದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ನೆರವು ಉಚಿತ, ಯಾವ ಏಜೆಂಟನಿಗೂ ಕಮಿಷನ್ ಕೊಡಬೇಕಿಲ್ಲ. ಓದಿ ಹೇಳುವ ನಂಬಿಕಸ್ಥರಿಲ್ಲದೆ ಯಾವುದಕ್ಕೂ ಸಹಿ ಹಾಕದಿರಲಿ, ಫೋನಿನಲ್ಲಿ ಓಟಿಪಿ ಕೇಳಿದವರಿಗೆ ಹೇಳದಿರಲಿ. ಸಾವಿನ ಸುದ್ದಿ ಪತ್ರಿಕೆಯಲ್ಲಿ ಓದಿ ಮೋಸಕ್ಕೆ ಇಳಿಯುವವರಿದ್ದಾರೆ.

ಮನೆಯ ಮಾತು ಬೆಳೆಯುತ್ತಿರುವುದಕ್ಕೆ ಹಣವೊಂದೇ ಕಾರಣವಿರಲಿಕ್ಕಿಲ್ಲ. ಸೊಸೆ ತವರಿಗೆ ಹೋದರೆ ಮೊಮ್ಮಗನೂ ಹೋಗುತ್ತಾನೆ ಎಂಬ ಭಯ ಆ ಮುದುಕರಿಗಿರುತ್ತದೆ. ಹೀಗಾಗಿಯೇ "ಮೈದುನಗ ಮಾಡಿಕೊಡೋಣ" ಎಂಬ ಮಾತು ಬರುತ್ತದೆ, ಜೊತೆಗೆ "ಹೊರಗ ಲಗ್ನ ಆದ್ರ ಪಿಂಚಣಿ ಬಂದ್" ಎಂಬ ಬೆದರಿಕೆಯೂ. ಅದು ಹಾಗಲ್ಲ. ಕರ್ತವ್ಯದ ಕಾರಣದ ಸಾವಿನಲ್ಲಿ ಮರುಮದುವೆಯ ನಂತರವೂ ಪಿಂಚಣಿ ಮುಂದುವರಿಯಲು ನಿಯಮದಲ್ಲಿ ಅವಕಾಶವಿದೆ, ಮಕ್ಕಳನ್ನು ಯಾರು ಸಾಕುತ್ತಿದ್ದಾರೆ ಎಂಬುದನ್ನು ನೋಡುತ್ತಾರೆ. ಶೌರ್ಯ ಪದಕದ ಭತ್ಯೆ ಮುಂದುವರಿಯಬೇಕಾದರೆ ಗಂಡನ ಸಹೋದರನನ್ನೇ ಮದುವೆಯಾಗಬೇಕೆಂಬ ಹಳೆಯ ಷರತ್ತನ್ನೂ 2017ರಲ್ಲಿ ತೆಗೆದುಹಾಕಿದ್ದಾರೆ. ಕುಟುಂಬ ಪಿಂಚಣಿ ಮೊದಲು ಹೆಂಡತಿಗೆ, ವಿಮೆ ಅವನು ಬರೆದಿಟ್ಟ ನಾಮಿನಿಗೆ. ಊರ ಪಂಚರು ಕೂತು ಇದನ್ನು ಬದಲಿಸಲು ಹೋಗಬೇಡಿ. ಮೊದಲ ವರ್ಷ ಮದುವೆ, ಜಮೀನು, ಮನೆ ಭಾಗ ಯಾವುದನ್ನೂ ತೀರ್ಮಾನಿಸಬೇಡಿ ಎಂದು ಎರಡೂ ಕಡೆಗೆ ಹೇಳಿ. ಬಿಗಡಾಯಿಸಿದರೆ ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ.

ಪುತ್ಥಳಿ ಒಂದು ವರ್ಷ ತಡೆಯಲಿ. ಸಾರ್ವಜನಿಕ ರಸ್ತೆಯಲ್ಲಿ ಪುತ್ಥಳಿಗೆ ಅನುಮತಿ ಕೊಡಬಾರದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶವಿದೆ, ಹಾಗಾಗಿ ಬಸ್‌ಸ್ಟ್ಯಾಂಡ್ ಎದುರಿನ ಜಾಗ ತೊಡಕಿನದು. ದಿನವೂ ಸಂತೆಗೆ ಹೋಗುವಾಗ ಗಂಡನ ಕಲ್ಲಿನ ಮುಖ ನೋಡುವುದು ವೈನಿಯವರಿಗೆ ಬೇಕೇ ಎಂದೂ ಕೇಳಬೇಕು. ಶಾಲೆಯ ಒಂದು ಕೋಣೆಗೆ ಹೆಸರಿಡುವುದು ಅವರಿಗೆ ಹಿಡಿಸಬಹುದು.

ಯಾವಾಗ ನಮ್ಮಂಥವರ ಹತ್ತಿರ ಕರೆತರಬೇಕು ಎಂದರೆ, ಸಾಯುವ ಮಾತಾಡಿದರೆ ಅದೇ ದಿನ. ಊಟ-ನಿದ್ದೆ ಪೂರ್ತಿ ಬಿಟ್ಟರೆ, ಮಗುವನ್ನು ನೋಡಿಕೊಳ್ಳಲಾಗದಿದ್ದರೆ, ತಂದೆ ಕುಡಿತಕ್ಕೆ ಬಿದ್ದರೆ ವಾರದೊಳಗೆ. ಆರು ತಿಂಗಳು ದಾಟಿದ ಮೇಲೂ ದುಃಖ ಮೊದಲ ದಿನದಷ್ಟೇ ತೀವ್ರವಾಗಿದ್ದು ಬದುಕು ನಿಂತೇಹೋಗಿದ್ದರೆ ಅದಕ್ಕೂ ಚಿಕಿತ್ಸೆಯಿದೆ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 14416ಕ್ಕೆ ಹಗಲು-ರಾತ್ರಿ ಯಾವಾಗ ಕರೆ ಮಾಡಿದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ತಂದೆಯನ್ನು ಮರೆಯಬೇಡಿ, ಗಂಡಸರು ಕಟ್ಟೆಯ ಮೇಲೆ ಸುಮ್ಮನೆ ಕೂತಿರುವುದನ್ನು ಎಲ್ಲರೂ ಗಟ್ಟಿತನ ಎಂದುಕೊಳ್ಳುತ್ತಾರೆ.

ನಿಮ್ಮೂರಿನ ಬೇರೆ ಹುಡುಗರು ಸೈನ್ಯದಲ್ಲಿದ್ದಾರೆ ಎಂದಿರಲ್ಲ, ಅವರು ಮುಂದಿನ ರಜೆಗೆ ಬಂದಾಗ ಆ ನಿವೃತ್ತ ಹವಾಲ್ದಾರರ ಮನೆಯಲ್ಲಿ ಒಮ್ಮೆ ಕೂಡಿಸಿ. ಮದುವೆಯಾದದ್ದು, ಮಗು ಹುಟ್ಟಿದ್ದು ತಮ್ಮ ಸೇವಾ ದಾಖಲೆಯಲ್ಲಿ ಪಾರ್ಟ್ ಟು ಆರ್ಡರ್ ಆಗಿದೆಯೇ, ಅಂದರೆ ಅಧಿಕೃತವಾಗಿ ನಮೂದಾಗಿದೆಯೇ, ವಿಮೆಯ ನಾಮಿನಿ ಮದುವೆಗೆ ಮುಂಚಿನ ಹೆಸರಿನಲ್ಲೇ ಉಳಿದಿದೆಯೇ, ಸಂಬಳದ ಖಾತೆಗೆ ಹೆಂಡತಿಯ ಹೆಸರು ಸೇರಿದೆಯೇ, ಆಧಾರ್‌ನಲ್ಲಿರುವ ಹೆಸರಿನ ಅಕ್ಷರವೂ ದಾಖಲೆಯ ಅಕ್ಷರವೂ ಒಂದೇ ಇದೆಯೇ ಎಂದು ಪ್ರತಿಯೊಬ್ಬನೂ ಪರೀಕ್ಷಿಸಿಕೊಳ್ಳಲಿ. ಇವುಗಳಲ್ಲಿ ಒಂದು ತಪ್ಪಿದ್ದಕ್ಕೇ ವರ್ಷಗಟ್ಟಲೆ ಅಲೆದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ತಂದೆ-ತಾಯಿಗೆ ಎಷ್ಟು, ಹೆಂಡತಿಗೆ ಎಷ್ಟು ಎಂಬುದನ್ನು ಅವನೇ ಬದುಕಿದ್ದಾಗ, ಎಲ್ಲರ ಎದುರು ಹೇಳಿ ಬರೆದಿಟ್ಟರೆ ನಿಮ್ಮ ಗೆಳೆಯನ ಮನೆಯಲ್ಲಿ ಈಗ ನಡೆಯುತ್ತಿರುವ ಮಾತು ಇನ್ನೊಂದು ಮನೆಯಲ್ಲಿ ನಡೆಯುವುದಿಲ್ಲ.